ಮುಂದಕ್ಕೆ ಬೇಕಾಗುವ ಫೋಟೋ

ನಮ್ಮ ಹಳೆಯ ಲ್ಯಾಪ್‌ಟಾಪಿಗೆ ಹನ್ನೊಂದು ವರ್ಷವಾಗಿತ್ತು. ಮುಚ್ಚಳದ ಕೀಲು ಮುರಿದಿದ್ದರಿಂದ ಹಿಂದೆ ಒಂದು ಕಡಪಾ ಕಲ್ಲಿನ ತುಂಡು ಆನಿಸಿ ಪರದೆಯನ್ನು ನಿಲ್ಲಿಸುತ್ತಿದ್ದೆ. ಬ್ಯಾಟರಿ ಎಂದೋ ಸತ್ತಿತ್ತು. ವೈರ್ ಇದ್ದರೆ ಜೀವ, ಕರೆಂಟ್ ಹೋದರೆ ಅದೂ ಹೋಯಿತು. ಬೆಳಿಗ್ಗೆ ಗುಂಡಿ ಒತ್ತಿ, ಅಂಗಡಿಯ ಕಸ ಹೊಡೆದು, ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿ, ಚಹಾ ಕುಡಿದು ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು. “ಇದಕ್ಕೂ ಒಂದು ಶ್ರದ್ಧಾಂಜಲಿ ಬ್ಯಾನರ್ ಮಾಡಿ ಬಿಡ್ರಿ ಇನ್ನ” ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಶ್ರದ್ಧಾಂಜಲಿ ಬ್ಯಾನರ್ ಮಾಡುವುದು ನಮ್ಮ ಕಸುಬಿನ ಅರ್ಧ. ಶಲವಡಿಯ ಬಸ್ ನಿಲ್ಲುವ ಜಾಗದಲ್ಲಿ ನಮ್ಮದು ಒಂದು ಸಣ್ಣ ಅಂಗಡಿ: ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್, ಆನ್‌ಲೈನ್ ಅರ್ಜಿ, ಬ್ಯಾನರ್ ಡಿಸೈನ್. ಫೋಟೋ ತೆಗೆಯುವವನು ನಾನು. ಟೈಪ್ ಮಾಡುವವಳು, ಅಕ್ಷರ ಕೂರಿಸುವವಳು, ಡಿಸೈನಿನ ಫೈಲನ್ನು ನವಲಗುಂದದ ಪ್ರಿಂಟಿನವರಿಗೆ ಕಳಿಸುವವಳು ಹೆಂಡತಿ. ಯಾರದಾದರೂ ಮನೆಯಲ್ಲಿ ಸಾವಾದರೆ ಮಣ್ಣು ಮಾಡಿ ಬರುವಷ್ಟರಲ್ಲಿ ಬಸ್ ನಿಲ್ದಾಣದ ಎದುರಿಗೆ ಬ್ಯಾನರ್ ನಿಲ್ಲಬೇಕು, ಇದು ಈಗಿನ ರಿವಾಜು. ಸತ್ತವರ ಮುಖ ಚೆನ್ನಾಗಿ ಕಾಣದಿದ್ದರೆ ಬೀಗರು ಆಡಿಕೊಳ್ಳುತ್ತಾರೆ, ಮನೆಯವರು ನಮ್ಮನ್ನು ಬೈಯುತ್ತಾರೆ.

ಅದಕ್ಕೇ ನಮ್ಮ ಕಡೆಯ ಹಿರಿಯರು ಜಾಣರಾಗಿದ್ದಾರೆ. ಪಿಂಚಣಿಯ ಅರ್ಜಿಗೆಂದು ಫೋಟೋ ತೆಗೆಸಲು ಬಂದವರು, ಕೆಲಸ ಮುಗಿದ ಮೇಲೆ ರುಮಾಲು ಸರಿ ಮಾಡಿಕೊಂಡು, “ಇನ್ನೊಂದು ಛಲೋದು ತಗದ ಇಡೋ ತಮ್ಮಾ, ಮುಂದಕ್ಕ ಬೇಕಾಗ್ತೈತಿ” ಎನ್ನುತ್ತಾರೆ. ಮುಂದಕ್ಕೆ ಯಾತಕ್ಕೆ ಎಂದು ನಾನು ಕೇಳುವುದಿಲ್ಲ, ಅವರು ಹೇಳುವುದೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ‘ಮುಂದಕ್ಕ’ ಎಂದೇ ಒಂದು ಫೋಲ್ಡರ್ ಇದೆ. ಯಮನೂರಿನ ಒಬ್ಬ ಅಜ್ಜ ಅದರೊಳಗಿನ ತನ್ನ ಫೋಟೋ ನೋಡಲು ಎರಡನೇ ಸಲ ಬಂದು, ಮೀಸೆ ಕರಿ ಮಾಡಿಸಿಕೊಂಡು ಹೋಗಿದ್ದ. ಅವನು ಇನ್ನೂ ಗಟ್ಟಿಯಾಗಿದ್ದಾನೆ, ಹೊಲಕ್ಕೆ ಹೋಗುತ್ತಾನೆ.

ಹೊಸ ಲ್ಯಾಪ್‌ಟಾಪ್ ಬಂದದ್ದು ಒಂದು ಸೋಮವಾರ. ಹೊಳಪೇನೋ ಇತ್ತು, ಆದರೆ ಹೊಟ್ಟೆ ಸಣ್ಣದು. ಹಳೆಯದರಲ್ಲಿ ಹಿಡಿದಿದ್ದರ ಅರ್ಧವೂ ಇದರಲ್ಲಿ ಹಿಡಿಯುವಂತಿರಲಿಲ್ಲ. ಹಾಗಾಗಿ ನಾನೇ ಒಂದು ಲೆಕ್ಕಾಚಾರ ಹಾಕಿದೆ. ತಿದ್ದಿ, ಕತ್ತರಿಸಿ, ಬಣ್ಣ ಸರಿಮಾಡಿದ ಫೋಟೋಗಳು ಹೊಸದಕ್ಕೆ. ಕ್ಯಾಮೆರಾದಿಂದ ಇಳಿಸಿದ ಹಾಗೇ ಇರುವವು, ನಾವು ‘ಹಸಿ’ ಎನ್ನುವ ಫೋಟೋಗಳು, ಹಳೆಯದರ ಜೊತೆಗೇ ಗುಜರಿಗೆ. ಹಸಿ ಫೋಟೋ ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕುವುದೇ ಎಂದು ಹೆಂಡತಿಗೆ ಹೇಳಿದೆ.  ಮರುದಿನ ಮುಂಜಾನೆ ಆಕೆ ತನ್ನ ಅಕ್ಕನ ಮನೆಗೆ ಹೋಗಿ ಸಂಜೆಯ ಒಳಗೆ ಬರುತ್ತೇನೆಂದು ಹುಬ್ಬಳ್ಳಿಯ ಬಸ್ ಹತ್ತಿದಳು. ಹದಿನೈದು ದಿನದಲ್ಲಿ ಅದು ಎರಡನೇ ಸಲ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮೊದಲು ‘ಮುಂದಕ್ಕ’ ಫೋಲ್ಡರನ್ನೇ ಹಾರ್ಡ್‌ಡಿಸ್ಕಿಗೆ ಹಾಕಿ ಹೊಸದಕ್ಕೆ ದಾಟಿಸಿದೆ. ಯಾರ ಮನೆಯಿಂದ ಯಾವಾಗ ಕರೆ ಬರುತ್ತದೋ ಹೇಳಲು ಬರುವುದಿಲ್ಲವಲ್ಲ. ಅದು ಮುಗಿದು, ಮದುವೆ ಫೋಲ್ಡರ್ ಅರ್ಧ ಹೋಗಿತ್ತು, ಕರೆಂಟ್ ಹೋಯಿತು. ಹಳೆಯದು ಕಣ್ಣು ಮುಚ್ಚಿತು. ಹೊಸದಕ್ಕೆ ಬ್ಯಾಟರಿ ಇತ್ತಲ್ಲ, ಸುಮ್ಮನೆ ಕೂಡುವುದೇಕೆಂದು ದಾಟಿಸಿದ ಫೈಲುಗಳಿಗೆ ಹೆಸರು ಸರಿಮಾಡಲು ಕುಳಿತೆ. ಹೆಂಡತಿಗೆ ಒಂದು ಕೆಟ್ಟ ರೂಢಿ. ಕನ್ನಡ ಟೈಪಿಂಗ್ ಬಂದ್ ಮಾಡದೆಯೇ ಫೈಲಿಗೆ ಹೆಸರು ಕೊಡುತ್ತಾಳೆ. ಅಲ್ಲಿ ಅತ್ತ ಕನ್ನಡವೂ ಅಲ್ಲದ, ಇತ್ತ ಇಂಗ್ಲಿಷೂ ಅಲ್ಲದ ಗಜಿಬಿಜಿ ಮೂಡುತ್ತದೆ, ಒಂದೊಂದನ್ನೂ ತೆರೆದು ನೋಡದೆ ಒಳಗೆ ಯಾರಿದ್ದಾರೆ ಎಂದು ಗೊತ್ತಾಗುವುದಿಲ್ಲ. ಈ ವಿಷಯಕ್ಕೆ ನಾವು ಆಡಿದ ಜಗಳಕ್ಕೆ ಕೊನೆಯಿಲ್ಲ. ಅವತ್ತೂ ಬೈದುಕೊಳ್ಳುತ್ತಲೇ ಒಂದೊಂದೇ ತೆರೆಯುತ್ತ ಹೋದೆ. ಒಬ್ಬ ಅಜ್ಜ, ಒಬ್ಬ ಅಮ್ಮ, ಮೀಸೆಯ ಅಜ್ಜ, ಅವನ ತಮ್ಮ.

ಆಮೇಲೆ ತೆರೆದದ್ದರಲ್ಲಿ ನನ್ನ ಹೆಂಡತಿ ಇದ್ದಳು.

ಬರೀ ಫೋಟೋ ಅಲ್ಲ. ಪೂರ್ತಿ ಬ್ಯಾನರ್. ಎಡಕ್ಕೊಂದು ಬಲಕ್ಕೊಂದು ದೀಪ, ಮೇಲೆ ಚೆಂಡುಹೂವಿನ ಮಾಲೆ, ನಡುವೆ ಆಕೆಯ ಮುಖ. ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಕುಂಕುಮ, ಕಳೆದ ತಿಂಗಳಷ್ಟೇ ಬಂದ ಹೊಸ ಕನ್ನಡಕ. ಹೊಸ ಲ್ಯಾಪ್‌ಟಾಪಿನಲ್ಲಿ ಇನ್ನೂ ಕನ್ನಡದ ಫಾಂಟ್ ಹಾಕಿರಲಿಲ್ಲ, ಆದ್ದರಿಂದ ಕೆಳಗಿನ ಅಕ್ಷರಗಳೆಲ್ಲ ಗಜಿಬಿಜಿ. ಒಂದು ಸಾಲೂ ಓದಲು ಬರಲಿಲ್ಲ. ಓದುವುದಾದರೂ ಏನು, ಇಂಥ ಬ್ಯಾನರ್ ಸಾವಿರ ಮಾಡಿದ್ದೇವೆ, ಯಾವ ಸಾಲು ಎಲ್ಲಿರುತ್ತದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತು.

  ಸಾವಿನ ಮನೆಯವರು ನನ್ನ ಎದುರಿಗೆ ಕುರ್ಚಿಯಲ್ಲಿ ಕುಳಿತು ಮಾತು ಹೊರಡದೆ ಒದ್ದಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ‘ಹೆಸರು ಹೇಳ್ರಿ, ವಯಸ್ಸು ಹೇಳ್ರಿ’ ಎಂದು ಅವಸರ ಮಾಡಿದ್ದೇನೆ. ಈಗ ನನ್ನ ಬಾಯಿಂದಲೇ ಮಾತು ಹೊರಡಲಿಲ್ಲ.

ಫೈಲಿನ ಬಾಜು ತಾರೀಖು ನೋಡಿದೆ. ಹೋದ ವಾರ ತಿದ್ದಿದ್ದು. ಹೋದ ವಾರವೂ ಆಕೆ ಹುಬ್ಬಳ್ಳಿಗೆ ಹೋಗಿದ್ದಳು, ಇವತ್ತೂ ಹೋಗಿದ್ದಾಳೆ. ಅಕ್ಕನ ಮನೆ ಎಂದಿದ್ದಳು. ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯಷ್ಟೇ ಇಲ್ಲವಲ್ಲ, ದೊಡ್ಡ ದೊಡ್ಡ ದವಾಖಾನೆಗಳೂ ಇವೆ. ಫೋನ್ ಹಚ್ಚಿದೆ; ವ್ಯಾಪ್ತಿ ಪ್ರದೇಶದ ಹೊರಗೆ ಎಂದಿತು. ಅಕ್ಕನಿಗೆ ಹಚ್ಚೋಣವೆಂದರೆ ಆಕೆಯ ನಂಬರ್ ನನ್ನ ಹತ್ತಿರ ಇರಲಿಲ್ಲ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ, ಹೆಂಡತಿಯ ಒಬ್ಬಳೇ ಅಕ್ಕನ ನಂಬರ್ ಇಲ್ಲ. ಊರಿನ ಎಲ್ಲ ಪ್ರಿಂಟಿನವರ, ಶಾಮಿಯಾನದವರ, ಬಾಜಾ ಬಾರಿಸುವವರ ನಂಬರ್ ಇತ್ತು.

ಬಾಜು ಅಂಗಡಿ ದರ್ಜಿ ಕಾಕಾನದು. ನನ್ನ ತಂದೆಯ ಕಾಲದಿಂದಲೂ ಅಲ್ಲೇ ಮಷಿನ್ ತುಳಿಯುತ್ತಿರುವ ಹಿರಿಯ. ನನ್ನ ಹೆಂಡತಿಯನ್ನು ತಂಗೆವ್ವ ಎಂದೇ ಕರೆಯುತ್ತಾನೆ. ಗುಂಡಿ ಹಚ್ಚಿದ ಅಂಗಿಯನ್ನು ಕೊಡವುತ್ತ ಹೊರಗೆ ಬಂದವನು ನನ್ನನ್ನು ನೋಡಿ ನಿಂತ.

“ಯಾಕೋ ತಮ್ಮಾ, ಮಾರಿ ಹಿಂಗ್ಯಾಕ ಆಗೇತಿ?”

 ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದೆ. ಕಾಕಾ ಬಹಳ ಹೊತ್ತು ನೋಡಿದ. ಒಮ್ಮೆ ನನ್ನ ಮುಖ, ಒಮ್ಮೆ ಪರದೆ. ಅಂಗಿ ಅವನ ಕೈಯಲ್ಲೇ ಇತ್ತು.

“ತಂಗೆವ್ವ ಎಲ್ಲಿ ಅದಾಳ?”

“ಹುಬ್ಬಳ್ಳಿಗಿ ಹೋಗ್ಯಾಳ.”

“ಈ ಫೋಟೋ ನೀ ತಗದಿದ್ದಲ್ಲ,” ಎಂದ ಕಾಕಾ. “ಹಿಂದಿನ ಅರಿವಿ ನಾ ಹೊಲದಿದ್ದಲ್ಲ.”

ನಾನು ಅದನ್ನು ನೋಡಿಯೇ ಇರಲಿಲ್ಲ. ನಮ್ಮ ಅಂಗಡಿಯಲ್ಲಿ ಫೋಟೋಕ್ಕೆ ಒಳಗೆ ಜಾಗವಿಲ್ಲ. ಕಟ್ಟೆಯ ಮೇಲೆ ಸ್ಟೂಲ್ ಹಾಕಿ ಗಿರಾಕಿಯನ್ನು ಕೂರಿಸುತ್ತೇನೆ. ಹೆಂಡತಿ ಹಿಂದೆ ನಿಂತು, ಕಾಕಾ ಅಂಚು ಹೊಲಿದುಕೊಟ್ಟ ತಿಳಿ ನೀಲಿ ಬಟ್ಟೆಯನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿಯುತ್ತಾಳೆ. ಸಾವಿರ ಮುಖಗಳ ಹಿಂದೆ ಇದ್ದದ್ದು ಅದೇ ಬಟ್ಟೆ. ಈ ಬ್ಯಾನರಿನಲ್ಲಿ ಆಕೆಯ ಹಿಂದೆ ಬೂದು ಬಣ್ಣದ ಪರದೆ ಇತ್ತು. ಮುಖದ ಎರಡೂ ಬದಿಗೆ ದೀಪದ ಬೆಳಕು ಹದವಾಗಿ ಬಿದ್ದಿತ್ತು. ಕನ್ನಡಕದ ಮೇಲೆ ಒಂದು ಹೊಳಪಿನ ಚುಕ್ಕೆ ಕೂಡ ಇರಲಿಲ್ಲ. ಯಾರೋ ಕೆಲಸ ಬಲ್ಲವನು ತೆಗೆದ ಫೋಟೋ. ಫೋಟೋಗ್ರಾಫರನ ಹೆಂಡತಿ ಬೇರೊಬ್ಬನ ಸ್ಟುಡಿಯೋಕ್ಕೆ ಹೋಗಿ ಕುಳಿತಿದ್ದಳು. ಜೀವ ಬಾಯಿಗೆ ಬಂದಿರುವ ಹೊತ್ತಿನಲ್ಲೂ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಕರೆಂಟ್ ಬಂದದ್ದು ಮಧ್ಯಾಹ್ನ ಊಟದ ಹೊತ್ತು ದಾಟಿದ ಮೇಲೆ. ಅಲ್ಲಿಯವರೆಗೆ ನಾನು ಎದ್ದಿರಲಿಲ್ಲ, ಕಾಕಾನೂ ಮಷಿನ್ ಮುಟ್ಟಿರಲಿಲ್ಲ. ಹಳೆಯ ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಅದು ಏಳುವುದನ್ನು ಇಬ್ಬರೂ ಕಾಯುತ್ತ ಕುಳಿತೆವು. ಅದು ಯಾವತ್ತೂ ಅಷ್ಟು ಹೊತ್ತು ಹಿಡಿದಿರಲಿಲ್ಲ.

ಹಳೆಯದರಲ್ಲಿ ಅಕ್ಷರಗಳು ಸರಿಯಾಗಿ ಬಂದವು. ‘ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ ಆಕೆಯ ಹೆಸರು. ‘ಲಿಂಗೈಕ್ಯರಾದ ದಿನ’ ಎಂದು ಬರೆದು ಮುಂದೆ ಖಾಲಿ. ‘ವಯಸ್ಸು’ ಎಂದು ಬರೆದು ಖಾಲಿ. ‘ದುಃಖತಪ್ತರು’ ಎಂದು ಬರೆದು ಮೊದಲು ನನ್ನ ಹೆಸರು, ಆಮೇಲೆ ಧಾರವಾಡದಲ್ಲಿ ಬಿ.ಎಡ್. ಓದುತ್ತಿರುವ ಮಗಳ ಹೆಸರು. ಎಲ್ಲ ಬ್ಯಾನರಿಗೂ ಹಾಕುವ ‘ಮತ್ತೆ ಹುಟ್ಟಿ ಬನ್ನಿ’ ಎಂಬ ಸಾಲನ್ನು ಹಾಕಿರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಮೂಲೆಯಲ್ಲಿ, ನಮ್ಮ ಅಂಗಡಿಯ ಹೆಸರು ಮತ್ತು ಫೋನ್ ನಂಬರ್. ಪ್ರತಿ ಬ್ಯಾನರಿನಲ್ಲೂ ಅದನ್ನು ಮರೆಯದೆ ಹಾಕಬೇಕೆಂದು ನಾನೇ ತಾಕೀತು ಮಾಡಿದ್ದೆ. ತನ್ನ ಸಾವಿನ ಬ್ಯಾನರಿನಲ್ಲೂ ಆಕೆ ಅಂಗಡಿಯ ಜಾಹೀರಾತು ಬಿಟ್ಟಿರಲಿಲ್ಲ.

ಅದನ್ನು ಓದಿದಾಗ ನನಗೆ ಅಳು ಬಂತು. ಕಾಕಾ ಮುಖ ತಿರುಗಿಸಿ ರಸ್ತೆ ನೋಡಿದ.

ಹಳೆಯದರಲ್ಲಿ ಇನ್ನೊಂದೂ ಕಂಡಿತು. ಫೈಲ್ ತಿದ್ದಿದ್ದು ಹೋದ ವಾರ, ಮೊದಲು ಮಾಡಿದ್ದು ಮೂರು ವರ್ಷದ ಹಿಂದೆ. ಆ ದಿನ ನನಗೆ ನೆನಪಿದೆ. ಮರುದಿನ ಹುಬ್ಬಳ್ಳಿಯಲ್ಲಿ ಆಕೆಗೆ ಗರ್ಭಕೋಶದ ಆಪರೇಷನ್ ಇತ್ತು. ಸಂಜೆ ಲ್ಯಾಪ್‌ಟಾಪಿನ ಮುಂದೆ ಕುಳಿತು ಏನೋ ಟೈಪ್ ಮಾಡುತ್ತಿದ್ದಳು. ಬಾಕಿ ಕೆಲಸ ಮುಗಿಸುತ್ತಿದ್ದಾಳೆಂದು ನನಗೆ ಖುಷಿಯಾಗಿ, ‘ಹಂಗ ಆ ಪಂಚಾಯ್ತಿ ಇಲೆಕ್ಷನ್ನಿನ ಎರಡು ಬ್ಯಾನರ್‌ನೂ ಮುಗಿಸಿಬಿಡು’ ಎಂದಿದ್ದೆ. ಆಕೆ ಮುಗಿಸಿಕೊಟ್ಟಳು. ಮರುದಿನ ಆಕೆಯನ್ನು ದವಾಖಾನೆಯಲ್ಲಿ ಅಕ್ಕನ ಹತ್ತಿರ ಬಿಟ್ಟು ನಾನು ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದಿದ್ದೆ, ಇಲೆಕ್ಷನ್ ಆರ್ಡರ್ ಇದ್ದವಲ್ಲ. ಇದರಲ್ಲಿ ತಪ್ಪೇನಿದೆ ಎಂದು ಮೂರು ವರ್ಷ ನನಗೆ ಅನ್ನಿಸಿಯೇ ಇರಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ನಾನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೇನೋ.

ಆಕೆ ಇಳಿದದ್ದು ನಾಲ್ಕರ ಬಸ್ಸಿಗೆ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಬದನೆಕಾಯಿ. ನಾವಿಬ್ಬರೂ ಕಟ್ಟೆಯ ಮೇಲೆ ನಿಂತಿದ್ದನ್ನು ನೋಡಿ ಆಕೆಗೇ ಗಾಬರಿಯಾಯಿತು.

“ಯಾಕ್ರೀ, ಏನಾತು? ಯಾರರ ಹೋದ್ರೇನು?”

“ನಿನಗ ಏನಾಗೇತಿ, ಖರೇ ಹೇಳು,” ಎಂದೆ. ನನ್ನ ದನಿ ಏರಿತ್ತು. ನನ್ನದು ಮೊದಲಿನಿಂದಲೂ ಹಾಗೇ, ಹೆದರಿದಾಗ ಸಿಟ್ಟೇ ಮೊದಲು ಬರುವುದು.

“ನನಗೇನಾಗೇತಿ?”

“ದವಾಖಾನಿಗಿ ಹೋಗಿದ್ಯಾ?”

“ಅಕ್ಕನ ಮನಿಗಿ ಹೋಗಿದ್ದೆ. ಆಕಿ ಮೊಣಕಾಲ ಬ್ಯಾನಿ. ಹೇಳಿ ಹೋಗಿದ್ನೆಲ್ಲರಿ.”

ಕಾಕಾ ಹಳೆಯ ಲ್ಯಾಪ್‌ಟಾಪಿನ ಕಡೆ ಕೈ ಮಾಡಿದ. ಆಕೆ ಬಗ್ಗಿ ನೋಡಿದಳು. ನಾಚಿಕೆಯಾದವರ ಹಾಗೆ ಒಂದು ಕ್ಷಣ ಸೆರಗು ಎಳೆದುಕೊಂಡಳು, ಅಷ್ಟೇ. ಆಮೇಲೆ ಚೀಲವನ್ನು ಕೆಳಗಿಟ್ಟು, “ನಾ ಆರಾಮ ಅದೇನ್ರಿ. ಏನೂ ಆಗಿಲ್ಲ. ಹೊಸಾ ಚಷ್ಮಾ ಬಂತಲ್ಲ, ಹಳೇ ಆಧಾರ್ ಫೋಟೋದಾಗ ಚಷ್ಮಾ ಇರಲಿಲ್ಲ, ಹೋದ ವಾರ ಹುಬ್ಬಳ್ಳ್ಯಾಗ ಹೊಸಾದು ತಗಸಿ ಬದಲಿ ಮಾಡೇನಿ” ಎಂದಳು. ಪಿಂಚಣಿಯ ಅರ್ಜಿ ತಿದ್ದಿದೆ ಎನ್ನುವ ದನಿಯಲ್ಲಿ ಹೇಳಿದಳು.

ನಾನು ಅಲ್ಲೇ ಕುಳಿತುಬಿಟ್ಟೆ. ಎದೆಯ ಭಾರ ಇಳಿಯಿತು. ಅದು ಇಳಿದದ್ದೇ ತಡ, ಸಿಟ್ಟು ಮತ್ತೆ ಏರಿತು.

“ಹಂಗಂದ್ರ ಇದನ್ನ ಎದಕ್ಕ ಮಾಡಿದಿ? ಅದೂ ನನಗ ಹೇಳದ?”

“ಮುಂದಕ್ಕ ಬೇಕಾಗ್ತೈತೆಲ್ಲರಿ. ಎಲ್ಲಾರೂ ಇಡೂದಿಲ್ಲೇನು?”

“ಅವರು ಮುದುಕರು.”

“ಆಪರೇಷನ್ನಿನ ಮುಂದ ಮುದುಕರೇನು, ಹರೇದವರೇನು,” ಎಂದಳು. ಆಮೇಲೆ, “ಅದಕ್ಕೂ ಮೊದಲ ಆ ಯಜಮಾನ್ರು ಬಂದಿದ್ರು, ನೆನಪೈತೇನು, ಹೆಂಡ್ತಿ ಬ್ಯಾನರಿಗೆ?” ಎಂದು ಕೇಳಿದಳು.

ನೆನಪಿತ್ತು. ಹೆಂಡತಿ ತೀರಿದಳೆಂದು ಬಂದವರು. ನಲವತ್ತು ವರ್ಷ ಸಂಸಾರ ಮಾಡಿದ್ದರು, ಮನೆಯಲ್ಲಿ ಆಕೆಯ ಒಂದೂ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪಿನ ಫೋಟೋ ತಂದಿದ್ದರು. ಅದರಲ್ಲಿ ಆ ತಾಯಿಯ ಹೆಗಲ ಮೇಲೆ ಪಕ್ಕದವಳ ಕೈ ಇತ್ತು. ವಯಸ್ಸು ಕೇಳಿದರೆ ಅದೂ ಗೊತ್ತಿರಲಿಲ್ಲ. ಹೆಂಡತಿ ಊಟ ಬಿಟ್ಟು ಕುಳಿತು ಆ ಕೈಯನ್ನು ಅಳಿಸಿದ್ದಳು. ಅವರು ಹೋದ ಮೇಲೆ ನಾನು ನಗಾಡಿದ್ದೆ: ನಲವತ್ತು ವರ್ಷ ಈ ಮನುಷ್ಯ ಯಾರ ಮುಖ ನೋಡುತ್ತಿದ್ದನೋ.

“ಅವರ ಮ್ಯಾಗ ನಕ್ರಿ ನೀವು. ಅವತ್ತ ಅನಸ್ತು, ನಂದೂ ಹಿಂಗ ಆಗ್ತೈತಿ ಅಂತ.”

“ಅವರೇನು ಫೋಟೋಗ್ರಾಫರ್ ಆಗಿದ್ರೇನು? ಗಂಡನ ಕೈಯಾಗ ಕ್ಯಾಮೆರಾ ಐತಿ, ಹೋಗಿ ಹೋಗಿ ಹುಬ್ಬಳ್ಳ್ಯಾಗ ಫೋಟೋ ತಗಸ್ಕೊಂಡೀಯಲ್ಲ.”

“ನೀವು ಯಾವಾಗ ತಗದೀರಿ?”

“ತಗದೇನಿ. ಬೇಕಾದಷ್ಟು ತಗದೇನಿ.”

“ತೋರಸ್ರಿ ಹಂಗಾದ್ರ.”

ಕಾಕಾ ಆ ಹೊತ್ತಿಗೆ ಮೆಲ್ಲಗೆ ತನ್ನ ಅಂಗಡಿಗೆ ಸರಿದಿದ್ದ. ನಾನು ಹಟ ಹಿಡಿದು ಕುಳಿತೆ. ಮದುವೆ ಫೋಲ್ಡರ್, ಶಾಲೆಯ ಫೋಲ್ಡರ್, ಮನೆಯ ಫೋಲ್ಡರ್ ಎಲ್ಲ ತೆರೆದೆ. ಹಳೆಯ ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿಟ್ಟ ಮಗಳ ಜಾವಳದ ಫೋಟೋ ಇದ್ದವು. ಆ ಹೊತ್ತಿಗೆ ಹೆಂಡತಿ ಅಡುಗೆಮನೆಯಲ್ಲಿ ಇದ್ದಿರಬೇಕು. ಮಗಳ ಶಾಲೆಯ ಬಹುಮಾನದ ಫೋಟೋ ಇದ್ದವು; ಅವತ್ತು ಅಂಗಡಿ ನೋಡಿಕೊಂಡಿದ್ದವಳು ಈಕೆಯೇ. ಇಡೀ ತಾಲೂಕಿನ ಅರ್ಧ ಜನರ ಮುಖ ಅಲ್ಲಿದ್ದವು. ನಮ್ಮ ನಾಯಿಯ ನಾಲ್ಕು ಫೋಟೋ ಇದ್ದವು. ಒಂದು ಕಡೆಯೂ ಆಕೆ ಇರಲಿಲ್ಲ.

ಉಳಿದದ್ದು ‘ಹಸಿ’ ಮಾತ್ರ, ಗುಜರಿಗೆ ಹೋಗಲಿರುವುದು. ಅದನ್ನೂ ತೆರೆದೆ.

ಆಗ ನಾನು ಕಂಡದ್ದನ್ನು ಹೇಗೆ ಹೇಳಲಿ? ಹಸಿ ಫೋಟೋದಲ್ಲಿ ಮೇಲೆ ಕೆಳಗೆ ಜಾಸ್ತಿ ಜಾಗ ಬಂದಿರುತ್ತದೆ, ಕತ್ತರಿಸಿಕೊಳ್ಳಲು ಅನುಕೂಲವಾಗಲೆಂದು. ಗಿರಾಕಿಯ ತಲೆಯ ಮೇಲೆ ನೀಲಿ ಬಟ್ಟೆಯ ಅಂಚು, ಆ ಅಂಚನ್ನು ಹಿಡಿದ ಎರಡು ಕೈಗಳ ಬೆರಳು. ಮುಂದಿನ ಫೋಟೋ ಒತ್ತಿದೆ. ಬೇರೆ ಮುಖ, ಅದೇ ಬೆರಳು. ಮತ್ತೊಂದು. ಮತ್ತೊಂದು. ಒಂದರಲ್ಲಿ ಬೆರಳಿಗೆ ಹಿಟ್ಟು ಅಂಟಿತ್ತು. ಒಂದರಲ್ಲಿ ಮದರಂಗಿ. ಒಂದರಲ್ಲಿ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಯಾವಾಗ ಕೊಯ್ದುಕೊಂಡಿದ್ದಳೋ, ನನಗೆ ಗೊತ್ತೇ ಇರಲಿಲ್ಲ. ಬಟ್ಟೆಯ ಕೆಳಗೆ ಕೆಲವುಗಳಲ್ಲಿ ಸೀರೆಯ ನೆರಿಗೆ, ಕಾಲುಂಗುರ. ಹನ್ನೊಂದು ವರ್ಷ ಆಕೆ ಪ್ರತಿ ಫೋಟೋದಲ್ಲೂ ಇದ್ದಳು. ಹನ್ನೊಂದು ವರ್ಷ ನಾನು ಪ್ರತಿ ಫೋಟೋದಿಂದಲೂ ಆಕೆಯನ್ನು ಕತ್ತರಿಸಿದ್ದೆ. ಅದನ್ನೇ ಕೈಚಳಕ ಎಂದುಕೊಂಡಿದ್ದೆ.

ಒಂದೇ ಒಂದು ಫೋಟೋದಲ್ಲಿ ಮುಖ ಸಿಕ್ಕಿತು. ಎರೆಹೊಲದ ಗಾಳಿ ನಮ್ಮ ಕಟ್ಟೆಗೆ ನೇರ ಬಡಿಯುತ್ತದೆ. ಅಂಥ ಗಾಳಿಗೆ ಬಟ್ಟೆಯ ಮೂಲೆ ಮಡಚಿ ಬಿದ್ದು, ಗಂಭೀರವಾಗಿ ಕುಳಿತ ಅಜ್ಜನೊಬ್ಬನ ಹಿಂದೆ ಆಕೆಯ ಹಣೆ, ಒಂದು ಕಣ್ಣು, ನಗುತ್ತಿರುವ ಅರ್ಧ ಬಾಯಿ. ಗೆದ್ದವನ ಹಾಗೆ ಕೂಗಿ ಆಕೆಯನ್ನು ಕರೆದೆ.

“ನೋಡು, ಐತಿಲ್ಲೋ?”

ಆಕೆ ಕನ್ನಡಕ ಏರಿಸಿ ನೋಡಿದಳು. “ಅದು ಗಾಳಿ ತಗದಿದ್ದರಿ,” ಎಂದಳು, “ನೀವಲ್ಲ.”

 ಸ್ಟೂಲ್ ಎಳೆದು ಕಟ್ಟೆಯ ಮೇಲೆ ಹಾಕಿದೆ. ಕೂಡು ಎಂದೆ. ಬದನೆಕಾಯಿ ಕೊಳೆಯುತ್ತವೆ, ಒಲೆ ಹಚ್ಚಬೇಕು ಎಂದಳು. ಕೂಡು ಎಂದು ಮತ್ತೆ ಹೇಳಿದೆ. ನನ್ನ ದನಿಯಲ್ಲಿ ಏನಿತ್ತೋ, ಕುಳಿತಳು.

“ಅರಿವಿ ಯಾರು ಹಿಡೀತಾರ?” ಎಂದು ಕೇಳಿದಳು.

ಕಾಕಾ ಬಂದ. ತಾನೇ ಹೊಲಿದ ಬಟ್ಟೆಯನ್ನು ತಾನೇ ಎತ್ತಿ ಹಿಡಿದು ಆಕೆಯ ಹಿಂದೆ ನಿಂತ. ಹೆಂಡತಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲೆ ಇಟ್ಟಳು, ಸೆರಗು ಹಿಡಿದಳು, ಬಿಟ್ಟಳು. ನಾನು ಕ್ಯಾಮೆರಾದೊಳಗಿಂದ ಆಕೆಯ ಮುಖ ನೋಡಿದೆ. ನನ್ನ ಕೈ ನಡುಗುತ್ತಿತ್ತು. ಊರವರಿಗೆಲ್ಲ ‘ಅಲುಗಾಡಬ್ಯಾಡ್ರಿ’ ಎಂದು ಗದರಿಸುವವನು ನಾನು.

ಒಟ್ಟು ಎಂಟು ತೆಗೆದೆ. ಹೊಸ ಲ್ಯಾಪ್‌ಟಾಪಿಗೆ ಇಳಿಸಿದ ಮೊದಲ ಹಸಿ ಫೋಟೋಗಳು ಅವೇ. ಆಕೆ ಒಂದೊಂದನ್ನೇ ದೊಡ್ಡದು ಮಾಡಿ, ಕಸುಬಿನವಳ ಕಣ್ಣಿನಿಂದ ನೋಡಿದಳು. ಚಷ್ಮಾದ ಮೇಲೆ ಬೆಳಕು ಹೊಡೆದಿದೆ. ಇದರಲ್ಲಿ ಗದ್ದ ಇಳಿದಿದೆ. ಇದು ಅಲುಗಿದೆ.

“ಛಲೋ ಬಂದಿಲ್ಲರಿ,” ಎಂದಳು. “ಹುಬ್ಬಳ್ಳಿದ ಇರಲಿ.” ಚೀಲ ಎತ್ತಿಕೊಂಡು ಮನೆಗೆ ಹೋದಳು.

ಮರುದಿನ ನಾನು ಮದುವೆ ಹಿನ್ನೆಲೆಗಳನ್ನು, ಪುಢಾರಿಗಳ ಹುಟ್ಟುಹಬ್ಬದ ಬ್ಯಾನರುಗಳನ್ನು ಹಳೆಯದರಲ್ಲೇ ಬಿಟ್ಟು, ‘ಹಸಿ’ ಫೋಲ್ಡರನ್ನು ಪೂರ್ತಿ ಹೊಸದಕ್ಕೆ ದಾಟಿಸಿದೆ. ಜಾಗವೆಲ್ಲ ಅದಕ್ಕೇ ಹೋಯಿತು. ಈಗ ಸಂತೆಯ ದಿನ ಗಿರಾಕಿ ಕಡಿಮೆಯಾದ ಮೇಲೆ ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗೆಯುತ್ತೇನೆ. ಬಟ್ಟೆ ಹಿಡಿಯಲು ಕಾಕಾ ಬರುತ್ತಾನೆ. ಆಕೆ ನೋಡುತ್ತಾಳೆ, ತಪ್ಪು ಹೇಳುತ್ತಾಳೆ, ಏಳುತ್ತಾಳೆ. ಒಂದಷ್ಟು ಸುಧಾರಿಸಿದ್ದೇನೆ ಎಂದು ಮೊನ್ನೆ ಒಪ್ಪಿಕೊಂಡಳು.

‘ಮುಂದಕ್ಕ’ ಫೋಲ್ಡರಿನಲ್ಲಿ ಆ ಫೈಲ್ ಇದ್ದಲ್ಲೇ ಇದೆ. ಆಕೆ ಇಲ್ಲದಾಗ ಎರಡು ಮೂರು ಸಲ ತೆರೆದು ನೋಡಿದ್ದೇನೆ. ಫೋಟೋ ಇನ್ನೂ ಹುಬ್ಬಳ್ಳಿಯವನದೇ.